ಕಂಬದ ಹಿಂಬದಿಯ ಕುಂಕುಮ

ಬಡಗಿ ಮೇಸ್ತ್ರಿಯವರ ಬಲಗೈ ಹೆಬ್ಬೆರಳಿನ ಉಗುರಿನ ಅಂಚಿನಲ್ಲಿ ಸದಾ ಒಂದು ಕಪ್ಪು ಗೆರೆ ಇರುತ್ತಿತ್ತು. ಕೊಳೆಯಲ್ಲ, ಮಸಿ. ಮಸಿಯ ಡಬ್ಬಿಯಿಂದ ನೂಲನ್ನೆಳೆದು, ಮರದ ಮೇಲೆ ಬಿಗಿಯಾಗಿ ಹಿಡಿದು ಚಿಮ್ಮಿ ಗೆರೆ ಹೊಡೆಯುತ್ತಿದ್ದರಲ್ಲ, ಆ ಮಸಿ. ಟೀ ಲೋಟ ಕೊಡುವಾಗೆಲ್ಲ ನನ್ನ ಕಣ್ಣು ಆ ಉಗುರಿನ ಮೇಲೆಯೇ. ಕಾನ್ವೆಂಟಿನಲ್ಲಿ ಪ್ರತಿ ಸೋಮವಾರ ಸಿಸ್ಟರ್ ನಮ್ಮ ಉಗುರು ನೋಡಿ ಒಳಗೆ ಬಿಡುತ್ತಿದ್ದರು; ಉಗುರಿನಿಂದ ಮನುಷ್ಯರನ್ನು ಅಳೆಯುವ ಚಾಳಿ ನನಗೆ ಅಂದಿನಿಂದ ಅಂಟಿದ್ದು.

ಜಪಾನಿನ ತ್ಸುಕುಬಾದಲ್ಲಿ ನಮ್ಮವರ ಕೆಲಸ ಕಾಯಂ ಆದ ವರ್ಷ, ಊರಾಚೆ ಸೈಕಲ್ಲಿನಲ್ಲಿ ಹೋಗುವಷ್ಟು ದೂರದಲ್ಲಿ ಒಂದು ಹಳೆಯ ರೈತರ ಮನೆ ಕೊಂಡೆವು. ಹುಲ್ಲಿನ ಚಾವಣಿಯ ಮೇಲೆ ಯಾರೋ ಯಾವಾಗಲೋ ತಗಡು ಹೊದಿಸಿದ್ದರು. ಒಳಗೆ ಅರ್ಧ ಮನೆ ಮಣ್ಣಿನ ನೆಲ, ಇನ್ನರ್ಧ ಮೊಣಕಾಲೆತ್ತರದ ಹಲಗೆಯ ನೆಲ. ತಲೆಮಾರುಗಳ ಹೊಗೆ ಕುಡಿದ ತೊಲೆಗಳು ನಮ್ಮಜ್ಜಿಯ ದೋಸೆ ಕಾವಲಿಯಂತೆ ಕಪ್ಪಗೆ ಮಿರುಗುತ್ತಿದ್ದವು. ಮಣ್ಣಿನ ನೆಲವಿದ್ದ ಕಡೆ ನನಗೊಂದು ಅಡುಗೆಮನೆ, ಅಟ್ಟದಲ್ಲಿ ಮಗಳಿಗೊಂದು ಕೋಣೆ. ಇಷ್ಟು ಮಾಡಿಕೊಡಲು ಬಂದವರು ಈ ಬಡಗಿ ಮೇಸ್ತ್ರಿ. ಎಪ್ಪತ್ತು ದಾಟಿದವರು, ಒಬ್ಬರೇ ಕೆಲಸ. ಮನೆಯೊಡತಿ ಎಂದು ನನ್ನನ್ನು "ಒಕುಸಾನ್" ಎನ್ನುತ್ತಿದ್ದರು.

ನೆಲವನ್ನೆಲ್ಲ ಅವರೇ ಕಿತ್ತುಹಾಕಿದ್ದರೂ, ಹೊಸ್ತಿಲಿದ್ದ ಜಾಗದಲ್ಲಿ ನಿಂತು ಒಮ್ಮೆ ತಲೆಬಾಗಿಯೇ ಒಳಗೆ ಬರುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ಉಳಿ ಕೆಳಗಿಟ್ಟರೆಂದರೆ ನಾನು ಟೀ ತರಬೇಕೆಂದು ಅರ್ಥ. ಇಲ್ಲಿ ಬಡಗಿಗಳಿಗೆ ಅದು ನೇಮ. ನನ್ನ ಶುಂಠಿ ಟೀಗೆ ಖಾರವೆಂದು ಮುಖ ಹಿಂಡಿ, ಮರುದಿನ ಅದನ್ನೇ ಕೇಳುತ್ತಿದ್ದರು. ಕೆಲಸ ಯಾವಾಗ ಮುಗಿಯುತ್ತದೆ ಎಂದರೆ ಒಂದೇ ಉತ್ತರ: "ಮನೆಗೆ ಅವಸರವಿಲ್ಲ."

ಆ ಮಾತು ನನಗೆ ಹಿಡಿಸುತ್ತಿರಲಿಲ್ಲ. ಜೊತೆಗೆ ಇನ್ನೊಂದು ಕಂಡಿದ್ದೆ. ಕತ್ತರಿಸಿ ತೆಗೆದ ಹಳೆಯ ಮರದ ತುಂಡುಗಳನ್ನು ಅವರು ಎಸೆಯುತ್ತಿರಲಿಲ್ಲ. ಹೂದಾನಿ ಸುತ್ತಿದ ಹಾಗೆ ಬಟ್ಟೆಯಲ್ಲಿ ಸುತ್ತಿ ತಮ್ಮ ಪುಟ್ಟ ಟ್ರಕ್ಕಿಗೆ ಹಾಕಿಕೊಳ್ಳುತ್ತಿದ್ದರು. ರಾಜಧಾನಿಯ ಮಿನಾಟೋದಲ್ಲಿರುವ ಗೆಳತಿಗೆ ಫೋನಿನಲ್ಲಿ ಇದನ್ನು ಹೇಳಿದ್ದೇ ತಪ್ಪಾಯಿತು.

"ಹುಷಾರು ಕಣೇ. ಆ ಕಾಲದ ಮರ ಅಂದ್ರೆ ಇಲ್ಲಿ ಕೆಫೆಯೋರು ಪ್ರಾಣ ಬಿಡ್ತಾರೆ. ಒಳ್ಳೇ ಕಂಬ ಹೊಡ್ಕೊಂಡು ಯಾವ್ದೋ ಲಡ್ಡು ಕಂಬ ನಿಲ್ಲಿಸಿಬಿಟ್ರೆ ನಿಂಗೆ ಗೊತ್ತಾಗುತ್ತಾ?"

"ಛೆ, ಹಾಗೆ ಮಾಡೋರ ಥರ ಕಾಣಲ್ಲಪ್ಪ."

"ಕಾಣೋ ಹಾಗಿದ್ರೆ ಮಾಡಕ್ಕಾಗುತ್ತೇನೇ!"

ಮುಂದಿನ ವಾರವೇ ಮೇಸ್ತ್ರಿ ಒಂದು ಕಂಬದ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಹಲಸಿನಹಣ್ಣು ಕೊಳ್ಳುವವರ ಹಾಗೆ ಗೆಣ್ಣಿನಿಂದ ತಟ್ಟಿ ತಟ್ಟಿ ಕಿವಿಗೊಟ್ಟರು. ತೊಲೆಗೆ ಜಾಕ್ ಕೊಟ್ಟು ಇದನ್ನು ಬಿಡಿಸಿ ತಮ್ಮ ಶೆಡ್ಡಿಗೆ ಒಯ್ಯಬೇಕು ಎಂದರು. ಗೆಳತಿಯ ಮಾತು ನೆನಪಾಯಿತು. ಮಗಳ ಕೋಣೆಯ ಭಾರವೆಲ್ಲ ಹೊರುವ ಕಂಬ ಅದು. ನೋಡಲು ಕಲ್ಲಿನಂತಿತ್ತು. ಅಂದು ಸಂಜೆ ಅವರು ಹೊರಟ ಮೇಲೆ, ಕುಂಕುಮಕ್ಕೆ ಒಂದು ತೊಟ್ಟು ಎಣ್ಣೆ ಹಾಕಿ ಕಲಸಿ, ಕಂಬದ ಹಿಂಬದಿಯಲ್ಲಿ, ಬುಡದ ಹತ್ತಿರ, ಯಾರ ಕಣ್ಣಿಗೂ ಬೀಳದ ಹಾಗೆ ಒಂದು ಚುಕ್ಕೆ ಇಟ್ಟೆ. ನಮ್ಮವರಿಗೂ ಹೇಳಲಿಲ್ಲ.

ಒಂಬತ್ತು ದಿನಗಳ ನಂತರ ಕಂಬ ತಿರುಗಿ ಬಂದು ನಿಂತಿತು. ಅದೇ ಎತ್ತರ, ಅದೇ ಕಪ್ಪು. ಅವರು ಟ್ರಕ್ಕಿನ ಕಡೆ ಹೋದಾಗ ಬಗ್ಗಿ ಫೋನಿನ ಬೆಳಕು ಬಿಟ್ಟೆ, ಕೈಯಾಡಿಸಿದೆ. ಚುಕ್ಕೆ ಇರಲಿಲ್ಲ.

ಆಗಲೇ ಸ್ಕೂಲಿನಿಂದ ಮಗಳು ಬಂದಳು. ಒಂಬತ್ತು ವರ್ಷ, ನನಗಿಂತ ಚೆನ್ನಾದ ಜಪಾನಿ.

"ಪುಟ್ಟಿ, ಇದು ನಮ್ಮ ಕಂಬಾನೇನಾ ಅಂತ ಅವ್ರನ್ನ ಕೇಳು."

"ಅಮ್ಮಾ, ದಟ್ಸ್ ಸೋ ರೂಡ್!"

"ಕೇಳು ಅಂದ್ರೆ ಕೇಳು. ನಾನು ಹಿಂದ್ಗಡೆ ಇಟ್ಟಿದ್ದ ಕೆಂಪು ಚುಕ್ಕೆ ಎಲ್ಹೋಯ್ತು ಅಂತ ಕೇಳು."

ಅವಳು ಕ್ಷಮೆ ಕೇಳುತ್ತ ಎರಡು ಸಲ "ಸುಮಿಮಾಸೆನ್" ಎಂದು ಬಗ್ಗಿ, ಕೆಂಪಾಗಿ, ಕೇಳಿದಳು. ಮೇಸ್ತ್ರಿ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಹೋಗಿ ಟ್ರಕ್ಕಿನಿಂದ ಒಂದು ಬಟ್ಟೆಯ ಗಂಟು ತಂದು ಬಿಚ್ಚಿದರು. ಒಳಗೆ ಮೊಳದುದ್ದದ ಮರದ ತುಂಡು. ಅದರ ಮೇಲೆ ನನ್ನ ಚುಕ್ಕೆ, ಸ್ವಲ್ಪವೂ ಕೆಡದೆ. ತುಂಡನ್ನು ಮಗುಚಿದರು. ಒಳಗೆಲ್ಲ ಗೆದ್ದಲು ತಿಂದು ಜೇನುಗೂಡಿನ ಹಾಗಾಗಿತ್ತು. ಹಿಟ್ಟಿನಂಥ ಪುಡಿ ಉದುರಿತು. ಆಮೇಲೆ ಆ ಮಸಿಯ ಉಗುರನ್ನು ಕಂಬದ ಮೇಲೆ ಒಂದು ಕಡೆ ಇಟ್ಟರು. ಅಲ್ಲಿತ್ತು, ಕೂದಲೆಳೆಯಷ್ಟು ಜೋಡಣೆಯ ಗೆರೆ. ಕಂಬ ನಮ್ಮದೇ. ಕಾಲು ಮಾತ್ರ ಹೊಸದು, ಮೇಲಿನದಕ್ಕೆ ಹೊಂದಲೆಂದು ಕಾಡಿಗೆ ಬಳಿದು ಕಪ್ಪಾಗಿಸಿದ್ದರು.

ನಾನು ನಿಂತಲ್ಲೇ ಕುಗ್ಗಿಹೋದೆ. ಅವರು ಮಗಳಿಗೆ ಏನೋ ನಿಧಾನವಾಗಿ ಹೇಳಿದರು.

"ಅಮ್ಮಾ, ಇದು ನಿಮ್ಮ ದೇವ್ರ ಮಾರ್ಕ್ ಅಲ್ವಾ ಅಂತೆ. ಗಟ್ಟಿ ತುಂಡು ಬೇರೆ ಮನೆ ರಿಪೇರಿಗೆ ಇಟ್ಕೊಳ್ತಾರಂತೆ, ಗೆದ್ದಲು ತಿಂದಿದ್ದು ಒಲೆಗಂತೆ. ಇದನ್ನ ಮಾತ್ರ ಅದಕ್ಕೇ ಒಲೆಗೆ ಹಾಕ್ಲಿಲ್ವಂತೆ. ಎಲ್ಲಿ ಇಡ್ಬೇಕು ಅಂತ ನಿನ್ನ ಕೇಳೋಕೆ ಇಟ್ಕೊಂಡಿದ್ರಂತೆ."

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹ್ಞೂಂ. ದೇವ್ರದೇ," ಎಂದೆ.

ಅವರು ಅಟ್ಟಕ್ಕೆ ಹತ್ತಿ, ಈ ಮನೆ ಕಟ್ಟಿದ ಬಡಗಿಗಳ ಹೆಸರು ಬರೆದ ಹಲಗೆಯ ಪಕ್ಕದಲ್ಲಿ ಆ ತುಂಡನ್ನಿಟ್ಟು ಬಂದರು. ಅಂದಿನಿಂದ ಒಂದೊಂದು ಮರ ಎತ್ತಿ ನಿಲ್ಲಿಸುವ ಮೊದಲೂ ಕರೆಯುತ್ತಿದ್ದರು: "ಒಕುಸಾನ್, ಕೆಂಪು?" ನಾನು ಕುಂಕುಮದ ಬಟ್ಟಲು ಹಿಡಿದು ಬರಬೇಕು, ಚುಕ್ಕೆ ಇಡಬೇಕು, ಅವರು ಕೈಮುಗಿಯಬೇಕು. ನನ್ನ ಸುಳ್ಳು ಹೀಗೆ ಶಾಸ್ತ್ರವಾಯಿತು.

ಆದರೆ ಸಂಶಯ ಒಮ್ಮೆ ಮನೆ ಹೊಕ್ಕರೆ ಬೇಗ ಹೊರಡುವುದಿಲ್ಲ, ಬರೀ ಜಾಗ ಬದಲಾಯಿಸುತ್ತದೆ. ಇವರು ನಿಜವಾಗಿ ನಂಬಿದರೇ? ದೇವರ ಗುರುತನ್ನು ಯಾರಾದರೂ ಕಂಬದ ಬೆನ್ನಿಗೆ, ಕಾಲ ಬಳಿ ಇಡುತ್ತಾರೆಯೇ? ಟೀ ಕೊಡುವಾಗೆಲ್ಲ ಅವರ ಮುಖ ಹುಡುಕುತ್ತಿದ್ದೆ. ಅಲ್ಲಿ ಶುಂಠಿಯ ಖಾರ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಅಡುಗೆಮನೆ ಮುಗಿಯಿತು. ಎರಡು ಚಳಿಗಾಲ ಕಳೆದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಮಗಳನ್ನು ಕರೆದುಕೊಂಡು ಹೋದೆ. ಅವರ ಹೆಂಡತಿ ಊದುಬತ್ತಿ ಹಚ್ಚಲು ಕೊಟ್ಟು, ಮಗಳು ಶೆಡ್ಡು ನೋಡಲು ಹೊರಗೆ ಹೋದ ಮೇಲೆ ಟೀ ಬಗ್ಗಿಸಿ, ನನ್ನ ಹಣೆ ನೋಡಿ ಮೆಲ್ಲಗೆ ನಕ್ಕು, ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು.

"ಆ ಕೆಂಪು ಚುಕ್ಕೆ ಕಂಡ ದಿನ ಮನೆಗೆ ಬಂದು ಎಷ್ಟು ನಕ್ಕರು ಗೊತ್ತೇ? ಕೆಲಸ ಕಲಿಯುವಾಗ ಇವರೂ ಹಾಗೆಯೇ ಮಾಡುತ್ತಿದ್ದರಂತೆ. ಆರಿಸಿಟ್ಟ ಮರವನ್ನು ಮಂಡಿಯವನು ಬದಲಾಯಿಸಿಬಿಟ್ಟಾನೆಂದು, ಹಿಂಬದಿಯಲ್ಲಿ, ಬುಡದಲ್ಲಿ, ಕದ್ದು ಒಂದು ಮಸಿ ಚುಕ್ಕೆ. 'ಆ ಒಕುಸಾನ್ ಒಳ್ಳೆಯ ಬಡಗಿಯಾಗುತ್ತಿದ್ದಳು' ಎಂದರು."

ಟೀ ಲೋಟ ಕೆಳಗಿಟ್ಟೆ. ಮಗಳ ಮುಂದೆ ನನ್ನ ಮಾನ ಉಳಿಸಲು ಆ ಮನುಷ್ಯ ನನಗೊಬ್ಬ ದೇವರನ್ನೇ ಹುಡುಕಿಕೊಟ್ಟಿದ್ದರು. ಕೆಲಸ ಮುಗಿಯುವವರೆಗೂ, ನಗದೆ, ಪ್ರತಿ ಸಲವೂ ಆ ದೇವರಿಗೆ ಕೈಮುಗಿದಿದ್ದರು.

ಮನೆಗೆ ಬಂದು ಆ ಕಂಬಕ್ಕೆ ಕುಂಕುಮ ಇಟ್ಟೆ. ಮುಂಬದಿಯಲ್ಲಿ, ಬಂದವರಿಗೆಲ್ಲ ಕಾಣುವ ಎತ್ತರದಲ್ಲಿ.

"ದೇವ್ರಿಗಾ ಅಮ್ಮಾ?" ಎಂದಳು ಮಗಳು.

"ಅಲ್ಲ, ಮೇಸ್ತ್ರಿಗೆ," ಎಂದೆ. ಆಮೇಲೆ ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ.