ಉಳಿಸಿ ತರಬೇಕಿದ್ದ ರೊಟ್ಟಿ

ದೆವ್ವ, ಗಾಳಿ, ಮುನ್ಸೂಚನೆ ಎಂದು ಯಾರಾದರೂ ಬಾಯಿ ತೆರೆದರೆ ನಾನು ಎದ್ದು ಹೋಗುತ್ತಿದ್ದವನು. ನಮ್ಮದು ಭಾಲ್ಕಿ ತಾಲ್ಲೂಕಿನ ಮೆಹಕರ. ಬುದ್ಧವಂದನೆ ಮಾಡುವ ಮನೆ. ಇಂಥ ಮಾತುಗಳನ್ನು ಅಪ್ಪ ಹೊಸ್ತಿಲೊಳಗೆ ಬಿಟ್ಟುಕೊಂಡವರಲ್ಲ. ಆಮೇಲೆ ಹದಿನೈದು ವರ್ಷ ನೌಕಾಪಡೆಯಲ್ಲಿ ಯಂತ್ರಗಳ ನಡುವೆ ಬದುಕಿದೆ. ಸದ್ದು ಬಂದರೆ ಎಲ್ಲೋ ಒಂದು ಬೋಲ್ಟು ಸಡಿಲಾಗಿರುತ್ತದೆ, ಅಷ್ಟೇ ಎಂದು ನಂಬಿದ್ದೆ. ಈಗ ಬೀದರಿನ ಕೊಳಾರದಲ್ಲಿ ಒಂದು ಗೋದಾಮು ನೋಡಿಕೊಳ್ಳುತ್ತೇನೆ. ನೀವು ನಂಬಲೆಂದು ಇದನ್ನು ಬರೆಯುತ್ತಿಲ್ಲ. ನನಗೇ ಇದರ ತಲೆಬುಡ ತಿಳಿದಿಲ್ಲ.

ನಿವೃತ್ತನಾದ ವರ್ಷ ಕಾರವಾರದ ಹಿರಿಯ ಕ್ಯಾಪ್ಟನ್ ಒಬ್ಬರು ಫೋನ್ ಮಾಡಿದರು. ಯಾರದೋ ಚಿಕ್ಕ ಹಾಯಿದೋಣಿಯನ್ನು ಗೋವಾದಿಂದ ಮಾರಿಷಸ್‌ಗೆ ಮುಟ್ಟಿಸಬೇಕು, ಇಬ್ಬರೇ, ತಿಂಗಳ ಮೇಲೆ ಹಿಡಿಯುತ್ತದೆ ಎಂದರು. ನಮ್ಮ ಕಡೆಯವರು ಯಾರೂ ಹಾಯಿ ಕಟ್ಟಿಕೊಂಡು ಸಾಗರ ದಾಟಿದ್ದನ್ನು ನಾನು ಕೇಳಿರಲಿಲ್ಲ. ದಾಟಿ ಬಂದರೆ ಭಾಲ್ಕಿಯಲ್ಲಿ ಶಾಲು ಹೊದಿಸುತ್ತಾರೆ, ಪೇಪರಿನಲ್ಲಿ ಫೋಟೊ ಬರುತ್ತದೆ ಎಂದು ಒಳಗೊಳಗೇ ಕುಣಿದೆ. ಆ ಶಾಲಿನ ಆಸೆಗೆ ಇವತ್ತಿಗೂ ನನಗೆ ನಾನೇ ಛೀಮಾರಿ ಹಾಕಿಕೊಳ್ಳುತ್ತೇನೆ.

ಅದೇ ವಾರ ಬೀದರಿನ ಡಾಕ್ಟರು ನನ್ನ ಅಕ್ಕನಿಗೆ ಹೃದಯದ ನಾಳ ಕಟ್ಟಿದೆ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ ಎಂದಿದ್ದರು. ತಾಯಿಯಿಲ್ಲದ ನನ್ನನ್ನು ಎತ್ತಿ ಬೆಳೆಸಿದವಳು ಅಕ್ಕ. ನಾನು ಹೇಳದೆ, ನಾನು ಜೊತೆಗಿಲ್ಲದೆ ಆಕೆ ಆಸ್ಪತ್ರೆಯ ಮೆಟ್ಟಿಲು ಹತ್ತುವವಳಲ್ಲ. ಅದು ಗೊತ್ತಿದ್ದೂ ಕೇಳಿದೆ.

“ಅಕ್ಕಾ, ನಲವತ್ತು ದಿನ ತಡದರ ನಡೀತದೇನ?”

“ನಡೀತದ, ಹೋಗು. ನೀ ಬಂದ ಮ್ಯಾಲೇ ದವಾಖಾನಿಗಿ ಹೋಗ್ತೇನಿ. ಒಂದ್ ರೊಟ್ಟಿ ಉಳಿಸ್ಕೊಂಡ್ ಬಾ, ಮರೀಬ್ಯಾಡ.”

ದೂರ ಹೋಗುವವರಿಗೆ ನಮ್ಮ ಮನೆಯಲ್ಲಿ ಜೋಳದ ಕಡಕ್ ರೊಟ್ಟಿ ಕಟ್ಟಿಕೊಡುತ್ತಾರೆ. ಅದರಲ್ಲಿ ಒಂದನ್ನು ಉಳಿಸಿ ವಾಪಸು ತರಬೇಕು. ದಾರಿಯಲ್ಲಿ ಹಸಿದಿಲ್ಲ ಎಂಬುದಕ್ಕೆ ಅದು ಗುರುತು. ಅಂಥ ಹೃದಯ ಇಟ್ಟುಕೊಂಡು ಅಕ್ಕ ಎರಡು ದಿನ ಒಲೆಯ ಮುಂದೆ ಕೂತು ರೊಟ್ಟಿ ತಟ್ಟಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದಳು. ನಾನು ನಾಚಿಕೆಯಿಲ್ಲದೆ ತೆಗೆದುಕೊಂಡು ಹೊರಟೆ.

ದೋಣಿಯ ಬದುಕು ಫೋಟೊದಲ್ಲಿ ಕಾಣುವಂಥದ್ದಲ್ಲ. ಒಬ್ಬ ನಾಲ್ಕು ತಾಸು ಚುಕ್ಕಾಣಿ ಹಿಡಿದರೆ ಇನ್ನೊಬ್ಬ ಕೆಳಗೆ ಒದ್ದೆ ಹಾಸಿಗೆಯಲ್ಲಿ, ಉರುಳದಂತೆ ಪಟ್ಟಿ ಕಟ್ಟಿಕೊಂಡು ಮಲಗಬೇಕು. ಕುಡಿಯುವ ನೀರು ಅಳತೆಯಲ್ಲಿ. ಪಾತ್ರೆ, ಮೈ ಎಲ್ಲ ಉಪ್ಪುನೀರಿನಲ್ಲೇ. ಅನ್ನ ಬೇಯಿಸುವಾಗ ಒಂದು ಕೈ ಕುಕ್ಕರಿಗೆ, ಒಂದು ಕೈ ಕಂಬಿಗೆ. ತಾಸಿಗೊಮ್ಮೆ ಗಾಳಿ, ದಿಕ್ಕು, ಕಂಡದ್ದು, ಕೇಳಿದ್ದು ಎಲ್ಲವನ್ನೂ ದಿನಚರಿ ಪುಸ್ತಕದಲ್ಲಿ ಬರೆಯಬೇಕು. ಉಪಗ್ರಹ ಫೋನು ಭಾನುವಾರ ಮಾತ್ರ. ಬ್ಯಾಟರಿ ಆಪತ್ತಿಗೆ ಇರಲಿ ಎಂದು ಹೊರಡುವ ಮುಂಚೆಯೇ ಒಪ್ಪಿಕೊಂಡಿದ್ದೆವು. ಎರಡು ಭಾನುವಾರವೂ ಅಕ್ಕ, “ಅರಾಮ್ ಇದ್ದೇನಿ, ರೊಟ್ಟಿ ಅವ ಏನ?” ಎಂದೇ ಕೇಳಿದಳು. ರೊಟ್ಟಿ ಬೇಗ ಮುಗಿದವು. ಒಂದನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಎತ್ತಿಟ್ಟಿದ್ದೆ.

ಮೂರನೆಯ ವಾರದ ಬುಧವಾರ, ಬೆಳಕು ಹರಿಯುವ ಹೊತ್ತು. ನಾನು ಚುಕ್ಕಾಣಿಯಲ್ಲಿದ್ದೆ. ಕೆಳಗಿನ ಅಡುಗೆ ಮೂಲೆಯಿಂದ ರೊಟ್ಟಿ ತಟ್ಟುವ ಸದ್ದು ಬಂತು. ಅಂಗೈ ಬಡಿತ, ರೊಟ್ಟಿ ತಿರುಗಿಸುವಷ್ಟು ಬಿಡುವು, ಮತ್ತೆ ಬಡಿತ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಕ್ಯಾಪ್ಟನ್ ಏನೋ ಮಾಡುತ್ತಿದ್ದಾರೆ ಅಂದುಕೊಂಡೆ. ಅಷ್ಟರಲ್ಲಿ ಅವರೇ ಕಣ್ಣುಜ್ಜುತ್ತ ಮೇಲೆ ಬಂದರು.

“ನೀ ಇಲ್ಲಿದ್ದೀಯಾ? ಹಾಗಾದ್ರೆ ಕೆಳಗೆ ಅಷ್ಟೊತ್ತಿಂದ ಪಟಪಟ ಬಡೀತಾ ಇದ್ದದ್ದು ಯಾರೋ ಮಾರಾಯಾ?”

ಅವರು ಮೀನು, ಅನ್ನ ಉಂಡು ಬೆಳೆದವರು. ಅದು ಯಾವುದರ ಸದ್ದು ಎಂದು ಅವರಿಗೆ ತಿಳಿಯಲಿಲ್ಲ. ನಾನು ಹೇಳಿದೆ. ಇಬ್ಬರೂ ದೋಣಿಯನ್ನೆಲ್ಲ ತಡಕಿದೆವು. ಸಡಿಲಾದದ್ದು ಏನೂ ಸಿಗಲಿಲ್ಲ. ಗುರುವಾರ, ಶುಕ್ರವಾರವೂ ಅದೇ ಹೊತ್ತಿಗೆ ಕೇಳಿತು. ಕ್ಯಾಪ್ಟನ್ ಅದನ್ನೂ ದಿನಚರಿಯಲ್ಲಿ ಬರೆದು, “ಮನೆಗೊಂದು ಫೋನ್ ಮಾಡು,” ಎಂದರು.

“ಭಾನುವಾರ ಮಾಡ್ತೇನ್ರಿ ಸರ್. ಇಂಥಾದ್ದಕ್ಕ ಬ್ಯಾಟರಿ ಕಳೀಬಾರದ್ರಿ,” ಎಂದೆ. ದೊಡ್ಡ ವಿಚಾರವಂತ ನಾನು! ಫೋನ್ ಮಾಡಿದರೆ ಆ ಸದ್ದನ್ನು ನಂಬಿದ ಹಾಗಾಗುತ್ತದೆ ಎಂಬ ಹಟ, ಮತ್ತೇನೂ ಅಲ್ಲ.

ಶನಿವಾರ ಮತ್ತೆ ಶುರುವಾದಾಗ ತಲೆ ಕೆಟ್ಟಿತು. ಆ ಉಳಿದ ರೊಟ್ಟಿಯೇ ಕಪಾಟಿನ ಹಲಗೆಗೆ ಬಡಿಯುತ್ತಿರಬೇಕು ಅನಿಸಿತು. ಕ್ಯಾಪ್ಟನ್ ಕೈಗೆ ಚುಕ್ಕಾಣಿ ಕೊಟ್ಟು ಕೆಳಗಿಳಿದೆ. ಬಟ್ಟೆ ಬಿಚ್ಚಿ ರೊಟ್ಟಿಯನ್ನು ನಿಂತಲ್ಲೇ ಮುರಿದು ತಿಂದೆ. ಸದ್ದು ನಿಂತಿತು.

“ನೋಡ್ರಿ ಸರ್, ಇಷ್ಟೇ ಇತ್ತು,” ಎಂದು ನಕ್ಕೆ. ಅವರು ನಗಲಿಲ್ಲ. ಗಡಿಯಾರ ನೋಡಿ ಬರೆದುಕೊಂಡರು.

ಭಾನುವಾರ ಫೋನ್ ಎತ್ತಿದ್ದು ಅಕ್ಕನ ಗಂಡ, ನಮ್ಮ ಮಾಮಾ.

“ಬುಧವಾರದಿಂದ ಎದಿ ಹಿಡಕೊಂಡಿತ್ತಪ್ಪಾ. ದವಾಖಾನಿಗಿ ನಡಿ ಅಂದರ ತಮ್ಮ ಬರ್ಲಿ ಅಂದ್ಳು. ನೀ ಒಂದ್ ಮಾತ್ ಹೇಳಿದ್ದರ ಬರ್ತಿದ್ದಳು. ನಿನ್ನಿ ಮುಂಜಾನಿ ಹೋದಳು.”

ಇನ್ನೂ ಎರಡು ವಾರ ದೋಣಿ ನಡೆಸಿದೆವು. ನಡುಸಮುದ್ರದಲ್ಲಿ ಇಳಿದು ಎಲ್ಲಿಗೆ ಹೋಗಲಿ? ಊರಿಗೆ ಬಂದಾಗ ನನ್ನ ಕೈಯಲ್ಲಿ ಬರೀ ಬಟ್ಟೆ ಇತ್ತು. ಭಾಲ್ಕಿಯವರು ಕರೆದು ಶಾಲು ಹೊದಿಸಿದರು; ಮನೆಗೆ ತಂದು ಮಡಚಿಟ್ಟ ಅದನ್ನು ಇವತ್ತಿಗೂ ಬಿಚ್ಚಿಲ್ಲ. ಒಮ್ಮೆ ಮನೆಯಲ್ಲೇ ಕಡಕ್ ರೊಟ್ಟಿಯೊಂದನ್ನು ಅದೇ ಬಟ್ಟೆಯಲ್ಲಿ ಸುತ್ತಿ ಹಲಗೆಗೆ ಬಡಿದು ನೋಡಿದೆ. ಪುಡಿಯಾಯಿತು, ಆ ಸದ್ದು ಬರಲಿಲ್ಲ.

ದಿನಚರಿಯ ಆ ಪುಟದ ಫೋಟೊ ಕ್ಯಾಪ್ಟನ್ ಕಳಿಸಿದ್ದಾರೆ. ಗಡಿಯಾರವನ್ನು ನಾವು ನಮ್ಮ ದೇಶದ ಸಮಯಕ್ಕೇ ಇಟ್ಟಿದ್ದೆವು. ಶನಿವಾರ, ಆರು ಗಂಟೆ ಹತ್ತು ನಿಮಿಷ, ಸದ್ದು ನಿಂತಿತು ಎಂದಿದೆ. ಅಕ್ಕ ಎಷ್ಟು ಗಂಟೆಗೆ ಹೋದಳೆಂದು ಮಾಮಾನನ್ನು ನಾನು ಇನ್ನೂ ಕೇಳಿಲ್ಲ.