ಶನಿವಾರದ ಬಿಲ್ಲೆ

ಬೋಳಾರದ ಕನ್ನಡ ಶಾಲೆಯೊಂದರಲ್ಲಿ ಎರಡನೇ ತರಗತಿಯ ಟೀಚರ್ ಆಗಿದ್ದಾಗ ಶನಿವಾರದ ಕೊನೆಯ ಪೀರಿಯಡನ್ನು ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಆ ವಾರ ಕನ್ನಡ, ಗಣಿತ, ಪರಿಸರ ಪಾಠಗಳಲ್ಲಿ ಕಲಿತದ್ದರಿಂದ ಒಂದೊಂದು ಮಾತನ್ನು ಪ್ರತಿ ಮಗುವೂ ಎದ್ದು ನಿಂತು ಹೇಳಬೇಕು. ಒಬ್ಬ ಮಗ್ಗಿ ಹೇಳಿದರೆ ಇನ್ನೊಬ್ಬಳು ಎಲೆಯ ಭಾಗಗಳನ್ನು ಹೇಳುತ್ತಿದ್ದಳು. ವಾರವಿಡೀ ಗಂಟಲು ಹರಿದುಕೊಂಡದ್ದು ಸಾರ್ಥಕ ಅನ್ನಿಸುತ್ತಿದ್ದುದು ಆಗ ಮಾತ್ರ.

ಆದರೆ ಮಕ್ಕಳ ಬಾಯಲ್ಲಿ ಬರೀ ತುಳು. ನನ್ನ ಮನೆಯಲ್ಲೂ ತುಳುವೇ. ತಾಯಿಗೆ ಅದು ಬಿಟ್ಟು ಬೇರೆ ಭಾಷೆ ತಿಳಿಯದು. ಆದರೂ ಮಕ್ಕಳ ಕನ್ನಡ ನೆಟ್ಟಗಾಗಲಿ ಎಂದು ಒಂದು ಮರದ ಬಿಲ್ಲೆಗೆ ದಾರ ಕಟ್ಟಿದೆ. ತರಗತಿಯಲ್ಲಿ ತುಳು ಆಡಿದವರ ಕೊರಳಿಗೆ ಅದು. ತುಳು ಆಡಿದ ಇನ್ನೊಬ್ಬರನ್ನು ಹಿಡಿದುಕೊಟ್ಟರೆ ಬಿಲ್ಲೆ ಅತ್ತ ದಾಟುತ್ತಿತ್ತು. ಶನಿವಾರ ಯಾರ ಕೊರಳಲ್ಲಿ ಉಳಿಯುತ್ತದೋ ಅವರಿಗೆ ಮಾತಿನ ಸರದಿ ಇಲ್ಲ, ಹಿಂದಿನ ಗೋಡೆಯ ಬಳಿ ನಿಲ್ಲಬೇಕು. ಹೆಡ್‌ಮಾಸ್ಟರು ಹೇಳಿದ್ದಲ್ಲ, ಇಲಾಖೆ ಹೇಳಿದ್ದೂ ಅಲ್ಲ. ನನ್ನದೇ ಬುದ್ಧಿವಂತಿಕೆ.

ಒಂದು ಸೋಮವಾರ ಪರಿಸರ ಪಾಠದಲ್ಲಿ, ನದಿಯಲ್ಲಿ ಯಾವ ಯಾವ ಜೀವಿಗಳಿವೆ ಎಂದು ಕೇಳಿದೆ. ಎರಡನೇ ಬೆಂಚಿನ ಹುಡುಗಿ ಚಂಗನೆ ಎದ್ದಳು. "ಎಂಕ್ ಗೊತ್ತುಂಡು ಟೀಚರ್" ಎಂದವಳೇ, ನೀರು ಇಳಿದಾಗ ತನ್ನ ಅಜ್ಜಿ ನದಿಗೆ ಹೋಗಿ ಕಾಲ್ಬೆರಳಲ್ಲೇ ಮರಳು ತಡವಿ ಮರುವಾಯಿ ಚಿಪ್ಪು ಹುಡುಕುವುದನ್ನು ತುಳುವಿನಲ್ಲಿ ಹೇಳತೊಡಗಿದಳು. ಹೇಳುತ್ತಾ ತನ್ನ ಪುಟ್ಟ ಪಾದವನ್ನೂ ನೆಲದ ಮೇಲೆ ಆಡಿಸಿ ತೋರಿಸಿದಳು. ಅಂಥ ಪಾಠ ನಾನು ಯಾವತ್ತೂ ಮಾಡಿದ್ದಿಲ್ಲ. ಅರ್ಧದಲ್ಲೇ ತಡೆದು ಅವಳ ಕೊರಳಿಗೆ ಬಿಲ್ಲೆ ಹಾಕಿದೆ.

ಆ ಶನಿವಾರ ಅವಳು ಗೋಡೆಯ ಬಳಿ ನಿಂತಳು. ಮುಂದಿನ ಶನಿವಾರವೂ. ಪಕ್ಕದವರು ಅವಳ ಕಿವಿಯ ಬಳಿಯೇ ತುಳುವಿನಲ್ಲಿ ಪಿಸುಗುಟ್ಟುವುದು ನನಗೇ ಕೇಳಿಸುತ್ತಿತ್ತು. "ಯಾರೂ ತುಳು ಮಾತಾಡ್ಲಿಲ್ವಾ?" ಎಂದರೆ "ಇಲ್ಲ ಟೀಚರ್" ಎನ್ನುತ್ತಿದ್ದಳು. ಏಳು ವರ್ಷದ ಪೋರಿಗೆ ಇಷ್ಟು ಹಟವೇ ಎಂದು ನನಗೆ ಸಿಟ್ಟು. ಆರು ಶನಿವಾರ ಹಾಗೇ ನಿಲ್ಲಿಸಿದೆ. ಆಮೇಲೆ ನಾನೇ ಸೋತು ಬಿಲ್ಲೆ ತೆಗೆದೆ. ಸರದಿ ಬಂದಾಗ ಅವಳು ಎದ್ದು ಎರಡರ ಮಗ್ಗಿ ಒಪ್ಪಿಸಿ ಕುಳಿತಳು. ನದಿಯ ಮಾತು ಮತ್ತೆ ಎತ್ತಲೇ ಇಲ್ಲ.

ನಿವೃತ್ತಿಯಾದ ಮೇಲೂ ಶನಿವಾರ ಆ ಕೊನೆಯ ಪೀರಿಯಡಿನ ಹೊತ್ತು, ಹನ್ನೊಂದು ಗಂಟೆಯಾದರೆ, ನನ್ನ ಬೆನ್ನ ಹಿಂದೆ ಯಾರೋ ಗೋಡೆಗೆ ಒರಗಿ ಸರದಿಗೆ ಕಾಯುತ್ತಿದ್ದಾರೆ ಅನ್ನಿಸುತ್ತದೆ. ಅಡುಗೆಮನೆಯಲ್ಲಿದ್ದರೂ ತಿರುಗಿ ನೋಡುತ್ತೇನೆ. ಬಿಲ್ಲೆಯನ್ನು ಎಸೆಯಲು ಎರಡು ಸಲ ಹೊರಟಿದ್ದೆ. ಎಸೆದರೆ ಅಂಥದ್ದು ನಡೆದೇ ಇಲ್ಲವೆಂದು ನಾನೇ ನಂಬಿಬಿಟ್ಟೇನು ಎಂಬ ಭಯ. ಈಗಲೂ ಕಪಾಟಿನಲ್ಲಿದೆ.

ಕಳೆದ ವರ್ಷ ತಾಯಿಯನ್ನು ಫಳ್ನೀರಿನ ಆಸ್ಪತ್ರೆಗೆ ಸೇರಿಸಿದೆವು. ಮೂರನೇ ಬೆಳಿಗ್ಗೆ ಬಂದ ನರ್ಸ್ ಅವರ ಕೈ ಹಿಡಿದು, "ಅಜ್ಜೀ, ಓಲು ಬೇನೆ ಆಪುಂಡು?" ಎಂದು ನೋವಿನ ಜಾಗ ಕೇಳಿದಳು. ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ತಾಯಿ ಅವಳೊಡನೆ ಊರ ಸುದ್ದಿಯೆಲ್ಲ ಮಾತಾಡಿದರು. ಇಬ್ಬರೂ ನಕ್ಕರು. ಆಮೇಲೆ ಅವಳು ನನ್ನತ್ತ ತಿರುಗಿದಳು.

"ನೀವು ನಮ್ಮ ಎರಡನೇ ಕ್ಲಾಸಿನ ಟೀಚರ್ ಅಲ್ವಾ? ಮರುವಾಯಿ ಹೆಕ್ಕುವ ಅಜ್ಜಿಯ ಪುಳ್ಳಿ ನಾನು."

ತುಳುವಿನಲ್ಲೇ ಅವಳ ಕ್ಷಮೆ ಕೇಳಿದೆ. "ಅದೆಲ್ಲ ಎಂತ ಟೀಚರ್, ಸಣ್ಣ ವಿಷಯ" ಎಂದಳು, ಕನ್ನಡದಲ್ಲಿ. ನನ್ನ ತಾಯಿಯ ಹತ್ತಿರ ಇಷ್ಟು ಚಂದದ ತುಳು ಮಾತಾಡಿದವಳು ನನ್ನ ಹತ್ತಿರ ಯಾಕೆ ಆಡುವುದಿಲ್ಲ ಎಂದು ಕೇಳಿದೆ.

ಅವಳು ಡ್ರಿಪ್ ಸರಿ ಮಾಡುತ್ತಾ ಸ್ವಲ್ಪ ಯೋಚಿಸಿದಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಈಗ ಪ್ರಯತ್ನ ಮಾಡಿ ನೋಡಿದೆ ಟೀಚರ್. ನಿಮ್ಮ ಮುಖ ಕಂಡ್ರೆ ಬಾಯಿಗೆ ಬರುವುದಿಲ್ಲ."

ಅವಳು ಹೋದ ಮೇಲೆ ತಾಯಿ, ಆ ಹುಡುಗಿ ನಿನಗೆ ಏನು ಹೇಳಿದಳೆಂದು ತುಳುವಿನಲ್ಲಿ ಕೇಳಿದರು. ಅದನ್ನು ತುಳುವಿನಲ್ಲಿ ಹೇಳಲು ನನ್ನಿಂದಾಗಲಿಲ್ಲ.