ತಳದ ಬೋಲ್ಟು

ಹೆಡ್ಡಾಫೀಸಿನವರು ಅಚ್ಚು ಹಾಕಿಸಿದ ಪುಸ್ತಕದಲ್ಲಿ ತನ್ನ ಹೆಸರಿಲ್ಲ ಎಂಬ ಸಿಟ್ಟು ಪ್ಯಾಕಿಂಗ್ ಮೇಸ್ತ್ರಿಗೆ ಇಂದಿಗೂ ಆರಿಲ್ಲ. ಹನ್ನೊಂದನೇ ಪುಟದಲ್ಲಿರುವ ಮರದ ಪೆಟ್ಟಿಗೆ ಅವನದು. ಕೆಳಗೆ ಬರೆದಿರುವುದು ಮಾತ್ರ ‘ಶಾಖೆಯ ಕಲಿಕೆ’ ಎಂದು.

“ಶಾಖೆ ಬಂದು ಹಲಗೆ ಕುಯ್ದಿತ್ತಾ?” ಎಂದು ಹೆಂಡತಿಯ ಮುಂದೆ ಕೂಗಾಡುತ್ತಾನೆ.

ಕಾರ್ಖಾನೆ ಪಂಪು ಮಾಡುತ್ತದೆ, ಮಾಲೀಕರು ಸಮುದ್ರದಾಚೆಯವರು. ಇಲ್ಲಿಂದ ಹೊರದೇಶಕ್ಕೆ ಮಾಲು ಕಳಿಸಲು ಶುರುಮಾಡಿದಾಗ ಯಾರಿಗೂ ಅದರ ಗಂಧಗಾಳಿ ಇರಲಿಲ್ಲ. ಅಲ್ಲಿನ ಗಿರಾಕಿಯೊಬ್ಬ, ನೀರು ಸೋರುತ್ತಿದೆ ಎಂದು ಫೋಟೋ ಕಳಿಸಿದ. ಎಲ್ಲರೂ ಪಂಪು ನೋಡಿದರು. ಮೇಸ್ತ್ರಿ ಅದರ ಹಿಂದಿನ ಗೋಡೆ ನೋಡಿದ. ಅಂಗಡಿಯ ಕಪಾಟೆಲ್ಲ ತಾನು ಪಂಪು ತುಂಬಿ ಕಳಿಸಿದ ಪೆಟ್ಟಿಗೆಯ ಹಲಗೆಗಳೇ! ಮೊಳೆ ಕಿತ್ತ ಕಡೆಯೆಲ್ಲ ಸೀಳಿದ್ದವು. ಆ ಊರಲ್ಲಿ ಮರ ಬಲು ತುಟ್ಟಿ ಇರಬೇಕು ಎಂದು ಹೊಳೆಯಿತು. ಬಿಚ್ಚುವಾಗ ಹಲಗೆ ಸೀಳದಿರಲೆಂದು ಮರುದಿನವೇ ಮೊಳೆ ಬಿಟ್ಟು ಸ್ಕ್ರೂ ಹಾಕಿದ, ಹಲಗೆ ನಯ ಮಾಡಿಸಿದ. ವರ್ಷದೊಳಗೆ ಆ ಗಿರಾಕಿಯ ಆರ್ಡರು ದುಪ್ಪಟ್ಟಾಯಿತು.

ಆಗ ಶಾಖೆಗಳ ಒಳ್ಳೆಯ ಕೆಲಸದ ಬಗ್ಗೆ ಪುಸ್ತಕ ಬರೆಯಲು ಹೆಡ್ಡಾಫೀಸಿನ ಕಡೆಯಿಂದ ಒಬ್ಬರು ಮೇಡಂ ಬಂದರು. ನೋಟ್‌ಬುಕ್ಕು ಹಿಡಿದು ಮೂರು ವಾರ ಅವನ ಬೆನ್ನು ಬಿಡಲಿಲ್ಲ.

“ಇದನ್ನ ಇನ್ನೊಂದು ದೇಶದ ನಮ್ಮ ಕಾರ್ಖಾನೆಗೂ ಕಲಿಸ್ಬೇಕು ಮೇಸ್ತ್ರಿ. ತಳಕ್ಕೂ ಸ್ಕ್ರೂನೇನಾ?”

ಮೇಸ್ತ್ರಿಯ ಕಿವಿ ನೆಟ್ಟಗಾಯಿತು. ವಿದ್ಯೆ ಹೊತ್ತುಕೊಂಡು ಹೋಗಿ, ಅಲ್ಲಿಂದಲೇ ಮಾಲು ಕಳಿಸಿ, ತನ್ನ ಶೆಡ್ಡಿಗೆ ಬೀಗ ಜಡಿಯುವ ಹುನ್ನಾರ! ಇಷ್ಟು ನಗುನಗುತ್ತಾ ಮಾತಾಡುವವರನ್ನು ಅವನು ಮೊದಲೇ ನಂಬುವವನಲ್ಲ. ತಳಕ್ಕೆ ಬೋಲ್ಟು ಬೇಕು, ಇಲ್ಲದಿದ್ದರೆ ಪಂಪಿನ ಭಾರಕ್ಕೆ ಕಿತ್ತುಬರುತ್ತದೆ. ಆದರೆ ತಳವನ್ನು ಅವನು ಬೆಳಗ್ಗೆ ಮೇಡಂ ಬರುವ ಮೊದಲೇ ಕಟ್ಟಿಡುತ್ತಿದ್ದ. ಬೋಲ್ಟಿನ ಮೇಲೆ ಮರದ ಪಟ್ಟಿ ಬಡಿದಿರುತ್ತಿತ್ತು.

“ಹೂಂ, ಸ್ಕ್ರೂನೇ,” ಎಂದ.

ಎರಡು ತಿಂಗಳಿಗೆ ಆ ಇನ್ನೊಂದು ಕಾರ್ಖಾನೆಯ ಪೆಟ್ಟಿಗೆಗಳು ಕ್ರೇನಿನಲ್ಲಿ ಮೇಲೇಳುವಾಗ ತಳ ಕಳಚಿ, ಪಂಪುಗಳು ಬಂದರಿನ ಕಲ್ಲಿನ ಮೇಲೆ ಚೂರಾದವು. ಜನಕ್ಕೆ ಏನೂ ಆಗಲಿಲ್ಲ, ಅದೇ ಪುಣ್ಯ. ಪುಸ್ತಕ ಬರೆಯುತ್ತಾ ಇನ್ನೂ ಊರಲ್ಲೇ ಇದ್ದ ಮೇಡಂ ಸುದ್ದಿ ಬಂದ ದಿನವೇ ಶೆಡ್ಡಿಗೆ ಬಂದು, ಒಂದು ಪೆಟ್ಟಿಗೆಯ ಪಟ್ಟಿ ಎಬ್ಬಿಸಿ ಕೆಳಗಿದ್ದ ಬೋಲ್ಟು ನೋಡಿದರು. ಪಟ್ಟಿಯನ್ನು ಮತ್ತೆ ಬಡಿದು ಕೂರಿಸಿದರು. ಆಮೇಲೆ ಮ್ಯಾನೇಜರ ಕೋಣೆಗೆ ಫೋನು ಬಂತು. ಮೇಸ್ತ್ರಿ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಇದನ್ನು ಹೇಳಿಕೊಟ್ಟವರು ಯಾರು ಎಂದು ಹೆಡ್ಡಾಫೀಸಿನ ದೊಡ್ಡವರು ಸ್ಪೀಕರಿನಲ್ಲಿ ಮೇಡಂ ಅವರನ್ನು ಕೇಳಿದರು.

“ಯಾರೂ ಅಲ್ಲ ಸಾರ್. ನಾನೇ ತಪ್ಪು ಬರ್ಕೊಂಡೆ,” ಎಂದರು ಮೇಡಂ.

ವಾರದೊಳಗೆ ಅವರ ಕೆಲಸ ಹೋಯಿತು.

ಪುಸ್ತಕ ಬಂದಾಗ ಮೇಸ್ತ್ರಿ ಮ್ಯಾನೇಜರ ಮೇಲೆ ಹರಿಹಾಯ್ದ.

“ಕೂಗಾಡ್ಬೇಡ ಮಾರಾಯ. ಮೇಡಂ ಬರೆದ ಮೊದಲ ಪ್ರತೀಲಿ ನಿನ್ನ ಹೆಸರಿತ್ತು. ಆ ಇನ್ನೊಂದು ಕಾರ್ಖಾನೇಲಿ ಕಲಿಸೋಕೆ ನಿನ್ನನ್ನೇ ಕಳಿಸ್ಬೇಕು ಅಂತಾನೂ ಬರೆದಿದ್ರು. ಪೆಟ್ಟಿಗೆ ಬಿದ್ದ ಸುದ್ದಿ ಬಂದ ದಿನ ಅವರೇ ನಿನ್ನ ಹೆಸರು ಹೊಡೆದುಹಾಕಿದ್ರು.”

“ಇದರಲ್ಲೂ ಏನೋ ಮಸಲತ್ತಿದೆ ಕಣೇ,” ಎಂದ ಮನೆಯಲ್ಲಿ.

“ಇದೆ. ನಿಮ್ಮ ಕೆಲಸ ಉಳಿಸೋ ಮಸಲತ್ತು,” ಎಂದಳು ಹೆಂಡತಿ. “ಮೇಡಂಗೆ ಒಂದು ಫೋನ್ ಮಾಡಿ, ಸುಳ್ಳು ಹೇಳಿದ್ದು ನಾನೇ ಅಂತ ಒಪ್ಕೊಳ್ಳಿ.”

“ನಂಬರ್ ಎಲ್ಲಿದೆ?”

ನಂಬರು ಶೆಡ್ಡಿನ ಗೋಡೆಯ ಮೇಲಿದೆ, ಮೇಡಂ ತಾವೇ ಪೆನ್ಸಿಲಿನಲ್ಲಿ ಬರೆದದ್ದು. ಹೋದ ತಿಂಗಳು ಸುಣ್ಣ ಬಳಿಯುವವರಿಗೆ ಆ ಒಂದು ಗೇಣು ಜಾಗ ಬಿಡಿ ಎಂದು ಮೇಸ್ತ್ರಿ ಗದರಿದ. ಫೋನು ಮಾತ್ರ ಇನ್ನೂ ಮಾಡಿಲ್ಲ.